ಗುರುತು ಹಿಡಿಯುವ ಪ್ರತಿಕಾಯ: ರೇಷ್ಮೆ ಸೀಮೆಯಿಂದ ಸಿಡಿ6ರವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿದೊಡನೆ ಸಿಗುವ ದೊಡ್ಡಮಳೂರು, ಅಪ್ರಮೇಯಸ್ವಾಮಿಯ ದೇವಾಲಯಕ್ಕೂ ಅಲ್ಲಿಯ ಅಂಬೆಗಾಲು ಕೃಷ್ಣನ ಸನ್ನಿಧಿಗೂ ನಾಡಿನಲ್ಲೆಲ್ಲ ಹೆಸರಾದ ಊರು. ಆದರೆ ಈ ಊರನ್ನೊಳಗೊಂಡ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಸೀಮೆಗೆ ದೇವಾಲಯಗಳ ಚರಿತ್ರೆಯಷ್ಟೇ ಗಮನಾರ್ಹವಾದ ಇನ್ನೊಂದು ಚರಿತ್ರೆಯಿದೆ; ಅದು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ಮಾರಿ ಬದುಕಿದ ಜನರ ಚರಿತ್ರೆ, ಮತ್ತು ಅದರೊಳಗೆ ಅಡಗಿರುವುದು ಕಣ್ಣಿಗೆ ಕಾಣದ ರೋಗವನ್ನು ಮೊದಲೇ ಗುರುತಿಸಿ ಬೆಳೆಯನ್ನು ಉಳಿಸಿಕೊಳ್ಳುವ ವಿದ್ಯೆಯ ಚರಿತ್ರೆ. ರೋಗನಿರೋಧಕ ಕೋಶಗಳನ್ನು ಗುರುತಿಸುವ ಮೊನೊಕ್ಲೋನಲ್ ಪ್ರತಿಕಾಯವೆಂಬ ಪ್ರಯೋಗಾಲಯದ ಸಾಧನವು ಕರ್ನಾಟಕದಲ್ಲಿ ಹೇಗೆ ಬೇರೂರಿತು, ಹವಾನಾದಲ್ಲಿ ಕೇವಲ ಗುರುತಿಗೆಂದು ಹುಟ್ಟಿದ ಅಂಥದೊಂದು ಪ್ರತಿಕಾಯ ಬೆಂಗಳೂರಿನಲ್ಲಿ ಹೇಗೆ ಔಷಧವಾಯಿತು ಎಂಬುದನ್ನು ಅರಿಯಲು ಈ ರೇಷ್ಮೆ ಸೀಮೆಯಿಂದಲೇ ಹೊರಡುವುದು ಉಚಿತ. ಚಿಕಿತ್ಸೆಗಿಂತ ಮೊದಲು ಗುರುತು ಬರಬೇಕೆಂಬ ತತ್ತ್ವವನ್ನು, ರೇಷ್ಮೆ ಹುಳುವಿನ ಮೊಟ್ಟೆಗಳನ್ನು ತಯಾರಿಸಿ ಕೊಡುವ ಇಲ್ಲಿಯ ಬಿತ್ತನೆ ಕೋಠಿಗಳು ಆಸ್ಪತ್ರೆಗಳಿಗಿಂತ ಬಹಳ ಹಿಂದೆಯೇ ಆಚರಣೆಗೆ ತಂದಿದ್ದವು.

ಮೈಸೂರು ಸೀಮೆಗೆ ರೇಷ್ಮೆ ಕೃಷಿ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುವಿನ ತಳಿಯನ್ನು ತರಿಸಿ ಸಾಕಣೆಗೆ ಉತ್ತೇಜನ ಕೊಟ್ಟ ಕಾಲದಲ್ಲಿ. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಈ ಕಸುಬು ಏಳುಬೀಳುಗಳನ್ನು ಕಂಡಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ರೇಷ್ಮೆಯನ್ನು ನೆಲಕಚ್ಚಿಸಿದ ಹುಳುರೋಗಗಳು ಇಲ್ಲಿಯೂ ಬೆಳೆಗಾರರನ್ನು ಕಾಡಿದವು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಡಳಿತ ಕಾಲದಲ್ಲಿ ಸಂಸ್ಥಾನದ ಸರ್ಕಾರವು ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿಕೊಂಡು, 1913–14ರ ಸುಮಾರಿಗೆ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಒಂದನ್ನು ತೆರೆಯಿತು. ದೊಡ್ಡಮಳೂರಿನಿಂದ ಕೂಗಳತೆಯಷ್ಟೇ ದೂರವೆನ್ನಬಹುದಾದ ಪಟ್ಟಣದಲ್ಲಿ ಹೀಗೆ ವೈಜ್ಞಾನಿಕ ರೇಷ್ಮೆ ಕೃಷಿಯ ಅಡಿಗಲ್ಲು ಬಿದ್ದಿತು, ಮತ್ತು ಆ ಪದ್ಧತಿಯ ತಿರುಳಾಗಿದ್ದುದು ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ಕ್ರಮ.

ಆ ಕ್ರಮದ ಹಿಂದೆ ಲೂಯಿ ಪಾಶ್ಚರನ ಐದು ವರ್ಷಗಳ ದುಡಿಮೆಯಿತ್ತು. ಫ್ರಾನ್ಸಿನ ದಕ್ಷಿಣ ಭಾಗದ ಅಲೆಸ್ ಎಂಬಲ್ಲಿ 1865ರಿಂದ ರೇಷ್ಮೆ ಹುಳುಗಳ ರೋಗವನ್ನು ಅಭ್ಯಸಿಸಿದ ಆತ, ಪೆಬ್ರಿನ್ ಎಂದು ಕರೆಯಲಾಗುವ ಮತ್ತು ನಮ್ಮ ಬೆಳೆಗಾರರು ಗಂಟು ರೋಗವೆನ್ನುವ ಕಾಯಿಲೆಯು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆಂದು ತೋರಿಸಿ, 1870ರಲ್ಲಿ ತನ್ನ ಸಂಶೋಧನೆಯನ್ನು ಗ್ರಂಥವಾಗಿ ಪ್ರಕಟಿಸಿದನು. ಈ ರೋಗಕ್ಕೆ ಕಾರಣವಾದ ನೊಸೆಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿಗೆ ಮದ್ದಿರಲಿಲ್ಲ. ಆದ್ದರಿಂದ ಪಾಶ್ಚರನು ಸೂಚಿಸಿದ್ದು ಮದ್ದನ್ನಲ್ಲ, ಪರೀಕ್ಷೆಯನ್ನು. ಪ್ರತಿಯೊಂದು ಹೆಣ್ಣು ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡುವಂತೆ ಮಾಡಿ, ಆಮೇಲೆ ಆ ಚಿಟ್ಟೆಯನ್ನು ಅರೆದು, ಅದರ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅಂಡಾಕಾರದ ಹೊಳೆಯುವ ಬೀಜಾಣುಗಳು ಕಂಡರೆ ಆಕೆಯಿಟ್ಟ ಮೊಟ್ಟೆಗಳನ್ನೆಲ್ಲ ಸುಟ್ಟುಹಾಕುವುದು, ಕಾಣದಿದ್ದರೆ ಅವನ್ನು ರೋಗರಹಿತ ಮೊಟ್ಟೆಗಳೆಂದು ಬೆಳೆಗಾರನಿಗೆ ಕೊಡುವುದು. ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಪ್ರದೇಶಗಳಲ್ಲಿ ಸಾಕಿದ ಮೈಸೂರು ತಳಿಯ ಗೂಡು ಬಿತ್ತನೆ ಕೋಠಿಗಳಿಗೆ ಬಂದು ಅಲ್ಲಿಂದ ಮೊಟ್ಟೆಯ ಹಾಳೆಗಳಾಗಿ ಹಳ್ಳಿಗಳಿಗೆ ಹೋಗುವ ಇಡೀ ವ್ಯವಸ್ಥೆ ಇದೇ ಪರೀಕ್ಷೆಯ ಮೇಲೆ ನಿಂತಿತು. ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ ಹಾಗೂ ಮಾರಾಟವನ್ನು ನಿಯಂತ್ರಿಸಲು 1959ರಲ್ಲಿ ಬಂದ ಕಾಯ್ದೆಯೂ ಅದಕ್ಕೆ ಕಾನೂನಿನ ಬಲ ಕೊಟ್ಟಿತು.

ಈ ಪರೀಕ್ಷೆಯನ್ನು ಮಾಡುವವರ ಕೆಲಸ ಹೊರಗಿನವರಿಗೆ ಯಾಂತ್ರಿಕವೆಂದು ತೋರಬಹುದು, ಆದರೆ ಅದು ಹಾಗಲ್ಲ. ಚಿಟ್ಟೆಯನ್ನು ಪೊಟ್ಯಾಷಿಯಂ ಕಾರ್ಬೊನೇಟಿನ ತೆಳುವಾದ ದ್ರಾವಣದಲ್ಲಿ ಅರೆದು, ಸುಮಾರು ಆರುನೂರು ಪಟ್ಟು ಹಿಗ್ಗಿಸಿ ನೋಡಿದಾಗ ಮಿಲಿಮೀಟರಿನ ಸಾವಿರದ ಮೂರು–ನಾಲ್ಕು ಭಾಗದಷ್ಟು ಉದ್ದದ ಬೀಜಾಣುಗಳ ಜೊತೆಗೆ ಕೊಬ್ಬಿನ ಹನಿಗಳೂ, ಶಿಲೀಂಧ್ರದ ಕಣಗಳೂ, ರೆಕ್ಕೆಯ ಧೂಳೂ ಕಾಣುತ್ತವೆ. ಇವುಗಳ ನಡುವೆ ನಿಜವಾದ ಬೀಜಾಣುವನ್ನು ಬಿಡಿಸಿ ಹೇಳುವುದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುವ ಕಣ್ಣಿನ ವಿದ್ಯೆ. ಒಂದು ತಪ್ಪು ತೀರ್ಪಿನಿಂದ ಹತ್ತಾರು ಮನೆಗಳ ತಟ್ಟೆಗಳಲ್ಲಿ ಹುಳುಗಳು ಹಣ್ಣಾಗುವ ಮೊದಲೇ ಸಾಯಬಹುದಾಗಿತ್ತು. ರೇಷ್ಮೆ ಸೀಮೆಯ ಆರ್ಥಿಕ ಇತಿಹಾಸವನ್ನು ಬರೆಯುವವರು ರಾಮನಗರದ ಗೂಡಿನ ಮಾರುಕಟ್ಟೆಯ ವಹಿವಾಟಿಗೆ ಕೊಡುವ ಮಹತ್ತ್ವವನ್ನು ಈ ಪರೀಕ್ಷಕರಿಗೂ ಕೊಡಬೇಕಾದದ್ದು ನ್ಯಾಯ, ಏಕೆಂದರೆ ಅವರ ದುಡಿಮೆಯಿಲ್ಲದೆ ಆ ಮಾರುಕಟ್ಟೆಗೆ ಗೂಡೇ ಬರುತ್ತಿರಲಿಲ್ಲ.

ಆದರೆ ಆಕಾರವನ್ನು ನೋಡಿ ಗುರುತಿಸುವ ವಿದ್ಯೆಗೆ ಒಂದು ಮಿತಿಯಿದೆ: ಎರಡು ವಸ್ತುಗಳು ಒಂದೇ ಆಕಾರದಲ್ಲಿದ್ದು ಬೇರೆಬೇರೆ ಕೆಲಸ ಮಾಡುತ್ತಿದ್ದರೆ ಅದು ಸೋಲುತ್ತದೆ. ಇದರ ಅತ್ಯಂತ ಸ್ಪಷ್ಟವಾದ ನಿದರ್ಶನ ಮನುಷ್ಯನ ರಕ್ತದಲ್ಲಿಯೇ ಇದೆ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಗುಂಪಿನ ಕೋಶಗಳು ಬಣ್ಣ ಹಾಕಿ ನೋಡಿದಾಗ ದುಂಡನೆಯ, ದೊಡ್ಡ ಕೋಶಕೇಂದ್ರವುಳ್ಳ, ಒಂದನ್ನೊಂದು ಹೋಲುವ ಕಣಗಳಾಗಿ ಕಾಣುತ್ತವೆ. 1961ರಲ್ಲಿ ಜಾಕ್ ಮಿಲ್ಲರ್ ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯ ಮಹತ್ತ್ವವನ್ನು ತೋರಿಸಿದ ಮೇಲೆ, ಆ ದಶಕ ಮುಗಿಯುವುದರೊಳಗೆ ಲಿಂಫೋಸೈಟ್‌ಗಳಲ್ಲಿ ಎರಡು ಬಣಗಳಿವೆಯೆಂಬುದು ಖಚಿತವಾಯಿತು: ಥೈಮಸ್‌ನಲ್ಲಿ ಪಕ್ವವಾಗಿ ಸೋಂಕಿನ ವಿರುದ್ಧದ ಹೋರಾಟವನ್ನು ನಡೆಸುವ ಹಾಗೂ ನಿಯಂತ್ರಿಸುವ ಟಿ ಕೋಶಗಳು, ಮತ್ತು ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು. ಇವನ್ನು ಬೇರ್ಪಡಿಸಲು ಆ ಕಾಲದ ಪ್ರಯೋಗಾಲಯಗಳು ಕುರಿಯ ಕೆಂಪು ರಕ್ತಕಣಗಳನ್ನು ಬಳಸುತ್ತಿದ್ದವು. ಅವು ಮನುಷ್ಯನ ಟಿ ಕೋಶದ ಸುತ್ತ ಹೂವಿನ ದಳಗಳಂತೆ ಅಂಟಿಕೊಳ್ಳುತ್ತಿದ್ದುದರಿಂದ ಅಂಟಿದ್ದನ್ನು ಎಣಿಸಿ ಟಿ ಕೋಶಗಳ ಲೆಕ್ಕ ಹಿಡಿಯಲಾಗುತ್ತಿತ್ತು. ಟಿ ಕೋಶಗಳ ಒಳಗಿನ ಉಪಬಣಗಳನ್ನು ತಿಳಿಯಲು ಈ ವಿಧಾನ ಸಾಲುತ್ತಿರಲಿಲ್ಲ.

ಪರಿಹಾರವಾಗಿ ಒದಗಿದ್ದು ಪ್ರತಿಕಾಯವೇ. ಪ್ರತಿಕಾಯವೆಂದರೆ ದೇಹದೊಳಗೆ ಹೊಕ್ಕ ಪರಕೀಯ ವಸ್ತುವಿನ ಒಂದು ಚಿಕ್ಕ ಭಾಗಕ್ಕೆ ಸರಿಯಾಗಿ ಹೊಂದಿ ಅಂಟಿಕೊಳ್ಳುವ, ವೈ ಅಕ್ಷರದ ಆಕಾರದ ಪ್ರೋಟೀನು. ಅದು ಅಂಟಿಕೊಳ್ಳುವ ಗುರಿಗೆ ಪ್ರತಿಜನಕವೆಂದು ಹೆಸರು. ಮನುಷ್ಯನ ಟಿ ಕೋಶದ ಹೊರಮೈಯಲ್ಲಿರುವ ಪ್ರೋಟೀನು ಇಲಿಯ ದೇಹಕ್ಕೆ ಪರಕೀಯವಾದುದರಿಂದ, ಆ ಕೋಶವನ್ನು ಇಲಿಗೆ ಚುಚ್ಚಿದರೆ ಇಲಿ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ತೊಡಕೆಂದರೆ ಹಾಗೆ ಚುಚ್ಚಿಸಿಕೊಂಡ ಪ್ರಾಣಿಯ ರಕ್ತಸಾರದಲ್ಲಿ ನೂರಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಒಂದು ಪ್ರಾಣಿಯ ರಕ್ತಸಾರ ಇನ್ನೊಂದರಂತಿರುವುದಿಲ್ಲ, ಆ ಪ್ರಾಣಿ ಸತ್ತ ಮೇಲೆ ಅದೇ ರಕ್ತಸಾರ ಮತ್ತೆ ಸಿಗುವುದೂ ಇಲ್ಲ. ಬೆರಕೆ ಗೂಡಿನ ರಾಶಿಯಿಂದ ಒಂದೇ ತಳಿಯ ಬಿತ್ತನೆಯನ್ನು ಬೇರ್ಪಡಿಸಿ ತಲೆಮಾರುಗಳವರೆಗೆ ಕಾಯ್ದುಕೊಳ್ಳುವಂಥ ಕೆಲಸವೊಂದು ಇಲ್ಲಿಯೂ ಬೇಕಾಗಿತ್ತು.

ಅದನ್ನು ಸಾಧಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಅಣುಜೀವಶಾಸ್ತ್ರ ಪ್ರಯೋಗಾಲಯದಲ್ಲಿದ್ದ ಅರ್ಜೆಂಟೀನಾ ಮೂಲದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಜಾರ್ಜ್ ಕೋಲರ್. ಪ್ರತಿಕಾಯ ತಯಾರಿಸುವ ಬಿ ಕೋಶವನ್ನು ದೇಹದಿಂದ ಹೊರತೆಗೆದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ, ಅಸ್ಥಿಮಜ್ಜೆಯ ಮೈಲೋಮಾ ಎಂಬ ಕ್ಯಾನ್ಸರಿನ ಕೋಶವಾದರೋ ಗಾಜಿನ ಪಾತ್ರೆಯಲ್ಲಿ ಎಷ್ಟು ಕಾಲ ಬೇಕಾದರೂ ಬೆಳೆಯುತ್ತದೆ. ಪ್ರತಿಜನಕ ಚುಚ್ಚಿದ ಇಲಿಯ ಗುಲ್ಮದಿಂದ ತೆಗೆದ ಬಿ ಕೋಶಗಳನ್ನು ಮೈಲೋಮಾ ಕೋಶಗಳೊಡನೆ ಬೆಸೆದು, ಬೆಸುಗೆಯಾಗದ ಮೈಲೋಮಾ ಕೋಶಗಳು ಸಾಯುವಂಥ ಪೋಷಕ ದ್ರವದಲ್ಲಿ ಬೆಳೆಸಿ, ಉಳಿದವುಗಳಲ್ಲಿ ಒಂದೊಂದೇ ಕೋಶವನ್ನು ಬೇರೆಮಾಡಿ ಅದರ ಸಂತತಿಯನ್ನು ಬೆಳೆಸಿದಾಗ, ಆ ಸಂತತಿಯೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಸ್ರವಿಸತೊಡಗಿತು. ಬೆಸೆದ ಕೋಶಕ್ಕೆ ಹೈಬ್ರಿಡೋಮಾ ಎಂದೂ, ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯಕ್ಕೆ ಮೊನೊಕ್ಲೋನಲ್ ಪ್ರತಿಕಾಯವೆಂದೂ ಹೆಸರಾಯಿತು. 1975ರ ಆಗಸ್ಟಿನಲ್ಲಿ ಪ್ರಕಟವಾದ ಈ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲವೆಂಬುದು ಮುಂದೆ ಹವಾನಾ, ಬೆಂಗಳೂರುಗಳಂಥ ಊರುಗಳ ಪಾಲಿಗೆ ಅನುಕೂಲವಾಗಿ ಪರಿಣಮಿಸಿತು. 1984ರಲ್ಲಿ ಇವರಿಬ್ಬರಿಗೂ ನೀಲ್ಸ್ ಯರ್ನೆ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು.

ರೋಗನಿರೋಧಕ ಕೋಶಗಳ ಗುರುತಿಗೆ ಈ ವಿಧಾನವನ್ನು ವ್ಯವಸ್ಥಿತವಾಗಿ ತಂದವರಲ್ಲಿ ಅಮೆರಿಕದ ಪ್ಯಾಟ್ರಿಕ್ ಕುಂಗ್, ಗಿಡಿಯನ್ ಗೋಲ್ಡ್‌ಸ್ಟೈನ್, ಎಲ್ಲಿಸ್ ರೈನ್‌ಹರ್ಜ್ ಮತ್ತು ಸ್ಟುವರ್ಟ್ ಶ್ಲಾಸ್‌ಮನ್ ಪ್ರಮುಖರು. 1979ರಲ್ಲಿ ಅವರು ಪ್ರಕಟಿಸಿದ ಪ್ರತಿಕಾಯಗಳ ಮಾಲಿಕೆಯಲ್ಲಿ ಒಂದು ಎಲ್ಲ ಪಕ್ವ ಟಿ ಕೋಶಗಳಿಗೂ, ಇನ್ನೊಂದು ಸಹಾಯಕ ಟಿ ಕೋಶಗಳಿಗೂ ಅಂಟುತ್ತಿತ್ತು. ಹೀಗೆ ನೋಟಕ್ಕೆ ಒಂದೇ ಆಗಿದ್ದ ಕೋಶಗಳು ಮೊದಲ ಬಾರಿಗೆ ಹೊರಮೈಯ ಚಹರೆಯ ಮೇಲೆ ವಿಂಗಡಣೆಗೊಂಡವು. ಬೇರೆಬೇರೆ ಪ್ರಯೋಗಾಲಯಗಳು ತಂತಮ್ಮ ಪ್ರತಿಕಾಯಗಳಿಗೆ ತಂತಮ್ಮ ಹೆಸರಿಡುತ್ತಾ ಹೋದುದರಿಂದ ಉಂಟಾದ ಗೊಂದಲವನ್ನು ನಿವಾರಿಸಲು 1982ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆದು, ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಒಂದು ಗುಂಪಿಗೆ ಸೇರಿಸಿ ಆ ಗುರಿಗೆ ಸಿಡಿ ಎಂಬ ಅಕ್ಷರಗಳೊಡನೆ ಸಂಖ್ಯೆಯನ್ನು ಕೊಡುವ ಪದ್ಧತಿ ಜಾರಿಗೆ ಬಂದಿತು. ಸಿಡಿ3, ಸಿಡಿ4, ಸಿಡಿ8, ಸಿಡಿ6 ಎಂಬ ಹೆಸರುಗಳು ಹುಟ್ಟಿದ್ದು ಹೀಗೆ. ಪ್ರತಿಕಾಯಕ್ಕೆ ಬೆಳಕು ಬಿದ್ದಾಗ ಹೊಳೆಯುವ ಪ್ರತಿದೀಪ್ತ ಬಣ್ಣವನ್ನು ಕಟ್ಟಿ, ಕೋಶಗಳನ್ನು ಒಂದರ ಹಿಂದೊಂದರಂತೆ ಲೇಸರ್ ಕಿರಣದ ಮುಂದೆ ಹರಿಸಿ, ಹೊಳೆದವುಗಳನ್ನು ಎಣಿಸುವ ಫ್ಲೋ ಸೈಟೋಮೀಟರ್ ಎಂಬ ಯಂತ್ರವೂ ಇದೇ ಹೊತ್ತಿಗೆ ಪ್ರಯೋಗಾಲಯಗಳಿಗೆ ಬಂದಿತು. ಅರಿತ ಕಣ್ಣೊಂದು ದಿನವಿಡೀ ನೋಡಬಹುದಾದಷ್ಟು ಕೋಶಗಳನ್ನು ಅದು ಕೆಲವೇ ಕ್ಷಣಗಳಲ್ಲಿ ಲೆಕ್ಕಹಾಕುತ್ತದೆ.

ಈ ಸಾಧನ ಸಂಶೋಧನೆಯ ಕೋಣೆಯಿಂದ ಸಾಮಾನ್ಯರ ಬದುಕಿಗೆ ಬಂದದ್ದು ಏಡ್ಸ್ ರೋಗದ ಮೂಲಕ. 1981ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಮೈಕೆಲ್ ಗಾಟ್‌ಲೀಬ್ ಮತ್ತು ಸಂಗಡಿಗರು ಹೊಸ ರೋಗವೊಂದನ್ನು ವರದಿ ಮಾಡಿದಾಗ, ರೋಗಿಗಳಲ್ಲಿ ಸಹಾಯಕ ಟಿ ಕೋಶಗಳು ಕುಸಿದಿವೆಯೆಂದು ತಿಳಿದದ್ದು ಆಗಷ್ಟೇ ಬಂದಿದ್ದ ಈ ಪ್ರತಿಕಾಯಗಳಿಂದ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಈ ಸಹಾಯಕ ಕೋಶಗಳು, ಅಂದರೆ ಸಿಡಿ4 ಕೋಶಗಳು, ಎಷ್ಟಿವೆಯೆಂಬ ಎಣಿಕೆ ಅಲ್ಲಿಂದ ಮುಂದೆ ಸೋಂಕಿತರ ಆರೈಕೆಯ ಕೇಂದ್ರವಾಯಿತು. ಭಾರತದಲ್ಲಿ ಏಡ್ಸ್ ವೈರಸ್ಸನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಆರಂಭವಾದಾಗ ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಮೊದಲ ಕೇಂದ್ರಗಳ ಸಾಲಿನಲ್ಲಿತ್ತು, ಮತ್ತು ಆ ಕಾಲದಲ್ಲಿ ಔಷಧ ಕೊಡಲು ಸಾಮಾನ್ಯವಾಗಿ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿರಬೇಕಾಗಿತ್ತು. ಆ ಮಿತಿ ಮುಂದೆ 350ಕ್ಕೂ 500ಕ್ಕೂ ಏರಿ, 2017ರಲ್ಲಿ ಎಣಿಕೆ ಎಷ್ಟೇ ಇದ್ದರೂ ಸೋಂಕು ಖಚಿತವಾದೊಡನೆ ಚಿಕಿತ್ಸೆ ಆರಂಭಿಸುವ ನೀತಿ ಬರುವವರೆಗೆ, ಚಿಕಿತ್ಸೆ ಈಗಲೋ ಇನ್ನೂ ಕಾಯಬೇಕೋ ಎಂಬುದನ್ನು ನಿರ್ಧರಿಸುತ್ತಿದ್ದುದು ಇಲಿಯ ಗುಲ್ಮದಿಂದ ಹುಟ್ಟಿದ ಪ್ರತಿಕಾಯವೊಂದು ಎಷ್ಟು ಕೋಶಗಳಿಗೆ ಅಂಟಿತೆಂಬ ಲೆಕ್ಕ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರಕ್ತದ ಕ್ಯಾನ್ಸರ್ ಟಿ ಕೋಶದ್ದೋ ಬಿ ಕೋಶದ್ದೋ ಎಂದು ನಿರ್ಣಯಿಸುವುದೂ ಇದೇ ಸಾಧನದಿಂದಲೇ.

ರೇಷ್ಮೆ ಹುಳುವಿನ ವಿಷಯಕ್ಕೂ ಈ ಪ್ರತಿಕಾಯಗಳು ಬಂದವೆಂಬುದು ಈ ಸೀಮೆಯ ದೃಷ್ಟಿಯಿಂದ ಮುಖ್ಯವಾದ ಸಂಗತಿ. ಹುಳುವಿಗೆ ಸ್ವತಃ ಪ್ರತಿಕಾಯ ತಯಾರಿಸುವ ಶಕ್ತಿಯಿಲ್ಲ; ಕೀಟಗಳ ರಕ್ಷಣೆಯೆಲ್ಲ ಅವುಗಳ ರಕ್ತದಲ್ಲಿ ತೇಲುವ ಹೀಮೋಸೈಟ್ ಎಂಬ ಕೋಶಗಳನ್ನೂ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕೆಲವು ಚಿಕ್ಕ ಪ್ರೋಟೀನುಗಳನ್ನೂ ಅವಲಂಬಿಸಿದೆ. ಆ ಹೀಮೋಸೈಟ್‌ಗಳಲ್ಲಿಯೂ ಹಲವು ಬಣಗಳಿದ್ದು, ರೇಷ್ಮೆ ಹುಳುವಿನ ದೂರದ ಬಂಧುವಾದ, ತಂಬಾಕಿನ ಎಲೆ ತಿನ್ನುವ ಮ್ಯಾಂಡೂಕಾ ಎಂಬ ಹುಳುವಿನ ಹೀಮೋಸೈಟ್ ಬಣಗಳನ್ನು ಮೊನೊಕ್ಲೋನಲ್ ಪ್ರತಿಕಾಯಗಳಿಂದ ವಿಂಗಡಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಗಂಟು ರೋಗದ ಬೀಜಾಣುವಿನ ವಿರುದ್ಧವೂ ಇಂಥ ಪ್ರತಿಕಾಯಗಳನ್ನು ತಯಾರಿಸಿ ಪರೀಕ್ಷೆಗೆ ಬಳಸಬಹುದೆಂದು ದೆಹಲಿಯ ರಾಷ್ಟ್ರೀಯ ರೋಗನಿರೋಧಶಾಸ್ತ್ರ ಸಂಸ್ಥೆ ಮತ್ತು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ವಿಜ್ಞಾನಿಗಳು ಒಟ್ಟಾಗಿ 1997ರಲ್ಲಿ ತೋರಿಸಿದರು. ಹಾಗಿದ್ದೂ ಬಿತ್ತನೆ ಕೋಠಿಗಳಲ್ಲಿ ಸೂಕ್ಷ್ಮದರ್ಶಕವೇ ಉಳಿದುಕೊಂಡಿತು. ಚಿಟ್ಟೆಗಳನ್ನು ಸಾವಿರಗಟ್ಟಲೆ ಪರೀಕ್ಷಿಸಬೇಕಾದ ಕಡೆ, ಒಂದು ಹನಿ ದ್ರಾವಣ ಮತ್ತು ಪಳಗಿದ ಕಣ್ಣಿನಿಂದ ಆಗುವ ಕೆಲಸಕ್ಕೆ ತಂಪಿನಲ್ಲಿಟ್ಟು ಕಾಪಾಡಬೇಕಾದ ಪ್ರತಿಕಾಯ ಸುಲಭವಾಗಿ ಒಗ್ಗುವಂಥದಲ್ಲ. ಪಾಶ್ಚರನ ವಿಧಾನ ಒಂದೂವರೆ ಶತಮಾನದ ಮೇಲೂ ಬಳಕೆಯಲ್ಲಿರುವುದನ್ನು ಹಿಂದುಳಿದಿರುವಿಕೆಯೆಂದು ಭಾವಿಸುವುದು ತಪ್ಪು. ಅದು ಆ ಕೆಲಸಕ್ಕೆ ಇನ್ನೂ ಸರಿಹೊಂದುವ ವಿಧಾನ.

ಇನ್ನು ಸಿಡಿ6ರ ಕಥನ. ಕ್ಯೂಬಾದ ರಾಜಧಾನಿ ಹವಾನಾದ ರಾಷ್ಟ್ರೀಯ ಗಂಥಿಶಾಸ್ತ್ರ (ಕ್ಯಾನ್ಸರ್ ವಿಜ್ಞಾನ) ಮತ್ತು ವಿಕಿರಣಜೀವಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಇಲಿಗಳಿಂದ ಮೊನೊಕ್ಲೋನಲ್ ಪ್ರತಿಕಾಯಗಳ ಮಾಲಿಕೆಯೊಂದನ್ನು ತಯಾರಿಸಿ, ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಅವಕ್ಕೆ ಐಒಆರ್ ಎಂಬ ಉಪನಾಮವಿಟ್ಟರು. ಅಮೆರಿಕದ ದಿಗ್ಬಂಧನದ ನಡುವೆ, ವಿದೇಶಿ ಪರೀಕ್ಷಾ ಸಾಮಗ್ರಿಗಳು ದುರ್ಲಭವಾಗಿದ್ದ ದೇಶಕ್ಕೆ ತನ್ನದೇ ಆದ ಪ್ರತಿಕಾಯಗಳು ಅಗತ್ಯವಾಗಿದ್ದವು. ಅವುಗಳಲ್ಲಿ ಐಒಆರ್ ಟಿ1 ಎಂಬುದು ಬಹುತೇಕ ಎಲ್ಲ ಟಿ ಕೋಶಗಳ ಮೇಲೂ, ಕೆಲವೇ ಬಿ ಕೋಶಗಳ ಮೇಲೂ ಇರುವ ಸಿಡಿ6 ಎಂಬ ಪ್ರೋಟೀನಿಗೆ ಅಂಟುವಂಥದು. ಮೊದಮೊದಲು ಅದರ ಉಪಯೋಗ ಟಿ ಕೋಶಗಳನ್ನೂ ಅವುಗಳಿಂದ ಹುಟ್ಟಿದ ಕ್ಯಾನ್ಸರುಗಳನ್ನೂ ಗುರುತಿಸುವುದು. ಟಿ ಕೋಶಗಳ ದೋಷದಿಂದ ಬರುವ ಚರ್ಮದ ರೋಗಗಳಲ್ಲಿ ಅದನ್ನೇ ಚಿಕಿತ್ಸೆಗೂ ಪ್ರಯತ್ನಿಸಿದಾಗ ಸಿಕ್ಕ ಫಲಗಳು ಅದಕ್ಕೆ ಹೊಸ ದಾರಿ ತೋರಿದವು. 1994ರಲ್ಲಿ ಅಗುಸ್ಟಿನ್ ಲಾಹೆ ಅವರ ನೇತೃತ್ವದಲ್ಲಿ ಸ್ಥಾಪನೆಯಾದ ಅಣುರೋಗನಿರೋಧಶಾಸ್ತ್ರ ಕೇಂದ್ರ ಈ ಕೆಲಸವನ್ನು ಮುಂದುವರಿಸಿತು.

ಗುರುತಿನ ಪ್ರತಿಕಾಯ ಔಷಧವಾಗುವುದಕ್ಕೆ ಮೇಲ್ಪಂಕ್ತಿಯೂ ಇತ್ತು, ಎಚ್ಚರಿಕೆಯೂ ಇತ್ತು. 1979ರ ಅಮೆರಿಕದ ಮಾಲಿಕೆಯಲ್ಲಿ ಸಿಡಿ3ಕ್ಕೆ ಅಂಟುತ್ತಿದ್ದ ಪ್ರತಿಕಾಯವೇ 1986ರಲ್ಲಿ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸುವುದನ್ನು ತಡೆಯಲು, ಚಿಕಿತ್ಸೆಗೆ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಮೊನೊಕ್ಲೋನಲ್ ಔಷಧವಾಯಿತು. ಆದರೆ ಅದು ಪೂರ್ತಿ ಇಲಿಯ ಪ್ರೋಟೀನಾದುದರಿಂದ ರೋಗಿಯ ದೇಹವೇ ಅದರ ವಿರುದ್ಧ ಪ್ರತಿಕಾಯ ತಯಾರಿಸಿಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ ಗುರಿಯನ್ನು ಹಿಡಿಯುವ ತುದಿಗಳನ್ನಷ್ಟೇ ಇಲಿಯದಾಗಿ ಉಳಿಸಿಕೊಂಡು ಉಳಿದೆಲ್ಲವನ್ನೂ ಮಾನವ ಪ್ರತಿಕಾಯದ್ದಾಗಿಸುವ ತಂತ್ರವನ್ನು ಕೇಂಬ್ರಿಜ್‌ನ ಗ್ರೆಗ್ ವಿಂಟರ್ ಅದೇ 1986ರಲ್ಲಿ ಪ್ರಕಟಿಸಿದರು. ಐಒಆರ್ ಟಿ1ನ್ನು ಮಾನವೀಕರಿಸುವಾಗ ಹವಾನಾದ ವಿಜ್ಞಾನಿಗಳು ಇಲಿಯ ಭಾಗದಲ್ಲಿ ಮನುಷ್ಯನ ಟಿ ಕೋಶಗಳನ್ನು ಕೆರಳಿಸಬಹುದಾದ ತುಣುಕುಗಳನ್ನು ಆರಿಸಿ ಬದಲಿಸುವ ಬೇರೊಂದು ಹಾದಿ ಹಿಡಿದರು. ಹೀಗೆ ರೂಪುಗೊಂಡ ಪ್ರತಿಕಾಯಕ್ಕೆ ಮುಂದೆ ಇಟೊಲಿಝುಮ್ಯಾಬ್ ಎಂಬ ಹೆಸರಾಯಿತು.

ಬೆಂಗಳೂರಿನ ಬಯೋಕಾನ್ ಈ ಕಥನವನ್ನು ಸೇರುವುದು ಇಲ್ಲಿ. 1978ರಲ್ಲಿ ಕಿರಣ್ ಮಜುಂದಾರ್-ಶಾ ಅವರು ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಕಟ್ಟಿದ ಈ ಸಂಸ್ಥೆಯ ಮೊದಲ ಸರಕು ಪರಂಗಿಯ ಹಾಲಿನಿಂದ ತೆಗೆಯುವ ಪಪೈನ್‌ನಂಥ ಕಿಣ್ವಗಳು. ಕಿಣ್ವಗಳಿಂದ ಇನ್ಸುಲಿನ್‌ಗೆ, ಇನ್ಸುಲಿನ್‌ನಿಂದ ಪ್ರತಿಕಾಯಗಳಿಗೆ ಅದು ಸಾಗಿದ ಹಾದಿಯಲ್ಲಿ ಕ್ಯೂಬಾದ ಸಂಸ್ಥೆಯೊಡನೆ 2000ದ ದಶಕದ ಆರಂಭದಲ್ಲಿ ಮಾಡಿಕೊಂಡ ಪಾಲುದಾರಿಕೆ ನಿರ್ಣಾಯಕ ತಿರುವು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೊಟುಝುಮ್ಯಾಬ್ ಎಂಬ ಪ್ರತಿಕಾಯವನ್ನು 2006ರಲ್ಲಿ ಬಯೋಮ್ಯಾಬ್ ಇಜಿಎಫ್ಆರ್ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ತಂದಿತು. ಆ ಪ್ರತಿಕಾಯವನ್ನು ತಯಾರಿಸುವ ಎನ್ಎಸ್0 ಎಂಬ ಕೋಶಗಳು ಕೋಲರ್ ಮತ್ತು ಮಿಲ್‌ಸ್ಟೈನ್ ಬಳಸಿದ ಇಲಿಯ ಮೈಲೋಮಾದ ವಂಶಕ್ಕೇ ಸೇರಿದವು. ಹವಾನಾ ಮತ್ತು ಬೆಂಗಳೂರಿನ ಈ ಸಂಬಂಧದಲ್ಲಿ ಶ್ರೀಮಂತ ದೇಶಗಳ ದೊಡ್ಡ ಕಂಪನಿಗಳ ಮಧ್ಯಸ್ಥಿಕೆ ಇರಲಿಲ್ಲವೆಂಬುದನ್ನು ಔಷಧ ವಿಜ್ಞಾನದ ಇತಿಹಾಸ ಎತ್ತಿಹೇಳಬೇಕು: ಕ್ಯೂಬಾದ ಬಳಿ ಅಣುವಿತ್ತು, ಬೆಂಗಳೂರಿನ ಬಳಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ರೋಗಿಗಳಲ್ಲಿ ಪರೀಕ್ಷಿಸುವ ಸಾಮರ್ಥ್ಯವಿತ್ತು.

ಇಟೊಲಿಝುಮ್ಯಾಬ್‌ಗೆ ಆರಿಸಿದ ಮೊದಲ ರೋಗ ಸೋರಿಯಾಸಿಸ್, ಅಂದರೆ ಟಿ ಕೋಶಗಳು ಅಕಾರಣವಾಗಿ ಕೆರಳಿ ಚರ್ಮದ ಮೇಲೆ ಹೊಟ್ಟುಹೊಟ್ಟಾದ ಕೆಂಪು ಮಚ್ಚೆಗಳನ್ನು ತರುವ ದೀರ್ಘಕಾಲದ ಕಾಯಿಲೆ. ಸಿಡಿ6 ಪ್ರೋಟೀನು ಇತರ ಕೋಶಗಳ ಮೇಲಿರುವ ಎಎಲ್‌ಕ್ಯಾಮ್ ಎಂಬ ಜೋಡಿ ಪ್ರೋಟೀನಿಗೆ ಕೂಡಿಕೊಂಡಾಗ ಟಿ ಕೋಶ ಇನ್ನಷ್ಟು ಚುರುಕಾಗುತ್ತದೆ. ಇಟೊಲಿಝುಮ್ಯಾಬ್ ಟಿ ಕೋಶವನ್ನು ಕೊಲ್ಲದೆ ಆ ಚುರುಕನ್ನಷ್ಟೇ ತಗ್ಗಿಸುತ್ತದೆ. ಭಾರತದಲ್ಲಿ 225 ರೋಗಿಗಳ ಮೇಲೆ ನಡೆದ ಮೂರನೆಯ ಹಂತದ ಪರೀಕ್ಷೆಯಲ್ಲಿ, ಹನ್ನೆರಡು ವಾರಗಳ ಕೊನೆಗೆ ರೋಗದ ತೀವ್ರತೆ ಮುಕ್ಕಾಲು ಪಾಲು ಇಳಿದವರು ಔಷಧ ಪಡೆದ ಎರಡು ಗುಂಪುಗಳಲ್ಲಿ ಶೇ 27 ಮತ್ತು ಶೇ 36ರಷ್ಟಿದ್ದರೆ, ಬರಿಯ ಹುಸಿ ಮದ್ದು ಪಡೆದವರಲ್ಲಿ ಶೇ 2.3ರಷ್ಟು ಮಾತ್ರ. 2013ರಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಪಡೆದು ಅದು ಆಲ್ಝುಮ್ಯಾಬ್ ಎಂಬ ಹೆಸರಿನಿಂದ ಬಂದಿತು. ಇದೇ ರೋಗಕ್ಕೆ ಆಮೇಲೆ ಬಂದ ಕೆಲವು ಪ್ರತಿಕಾಯಗಳು ಇದಕ್ಕಿಂತ ಹೆಚ್ಚಿನ ಗುಣ ತೋರಿಸಿವೆಯೆಂಬುದು ನಿಜ. ಆದರೆ ಸಿಡಿ6ನ್ನು ಗುರಿಯಾಗಿಸಿ ಬಳಕೆಗೆ ಬಂದ ಮೊದಲ ಔಷಧವೆಂಬ ಸ್ಥಾನ ಇದರದು, ಅದಕ್ಕೆ ಒಪ್ಪಿಗೆಯ ಮುದ್ರೆ ಬಿದ್ದದ್ದು ಭಾರತದಲ್ಲಿ.

2020ರ ಜುಲೈನಲ್ಲಿ ಇದೇ ಔಷಧ ಇನ್ನೊಂದು ಕಾರಣಕ್ಕೆ ದೇಶದ ಗಮನ ಸೆಳೆಯಿತು. ಕೋವಿಡ್ ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಮಿತಿಮೀರಿ ಕೆರಳಿ ಶ್ವಾಸಕೋಶವನ್ನು ಹಾಳುಗೆಡಹುತ್ತಿದ್ದ ಸ್ಥಿತಿಗೆ ಟಿ ಕೋಶಗಳ ಪಾತ್ರವೂ ಇದೆಯೆಂಬ ತರ್ಕದಿಂದ, ಮುಂಬಯಿ ಮತ್ತು ದೆಹಲಿಯ ನಾಲ್ಕು ಆಸ್ಪತ್ರೆಗಳಲ್ಲಿ ಮೂವತ್ತು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಔಷಧ ಪಡೆದ ಇಪ್ಪತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ, ಪಡೆಯದ ಹತ್ತು ಮಂದಿಯಲ್ಲಿ ಮೂವರು ತೀರಿಕೊಂಡರು. ಇದರ ಆಧಾರದ ಮೇಲೆ ಸೀಮಿತ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿತಾದರೂ, ಇಷ್ಟು ಚಿಕ್ಕ ಸಂಖ್ಯೆಯಿಂದ ಖಚಿತವಾದ ತೀರ್ಮಾನಕ್ಕೆ ಬರುವಂತಿಲ್ಲವೆಂದು ಹಲವು ವೈದ್ಯವಿಜ್ಞಾನಿಗಳು ಆಕ್ಷೇಪಿಸಿದರು, ರಾಷ್ಟ್ರೀಯ ಚಿಕಿತ್ಸಾ ನಿಯಮಾವಳಿಯಲ್ಲಿಯೂ ಅದಕ್ಕೆ ಸ್ಥಾನ ದೊರೆಯಲಿಲ್ಲ. ಆಕ್ಷೇಪ ಸರಿಯಾದುದೇ: ಹತ್ತು ಮಂದಿಯ ಗುಂಪಿನಲ್ಲಿ ಮೂರು ಸಾವುಗಳು ಆಕಸ್ಮಿಕವಾಗಿಯೂ ಸಂಭವಿಸಬಹುದು. ಪ್ರತಿಕಾಯವೊಂದು ತನ್ನ ಗುರಿಯನ್ನು ಎಷ್ಟೇ ನಿಖರವಾಗಿ ಹಿಡಿದರೂ, ಆ ಹಿಡಿತದಿಂದ ರೋಗಿಗೆ ಒಳಿತಾಯಿತೆಂದು ಹೇಳಲು ಬೇಕಾದದ್ದು ಸಾಕಷ್ಟು ದೊಡ್ಡದಾದ ಪರೀಕ್ಷೆ. ಸಾಂಕ್ರಾಮಿಕದ ಆತುರದಲ್ಲಿ ಈ ವ್ಯತ್ಯಾಸ ಹಲವೆಡೆ ಮಸುಕಾಯಿತು.

ಈ ನಡುವೆ ಅಮೆರಿಕದ ಕಂಪನಿಯೊಂದು ಬಯೋಕಾನ್‌ನಿಂದ ಹಕ್ಕು ಪಡೆದು, ಅಸ್ಥಿಮಜ್ಜೆಯ ಕಸಿಯ ನಂತರ ಬರುವ ತೊಡಕು ಮತ್ತು ಲೂಪಸ್ ರೋಗದಿಂದಾಗುವ ಮೂತ್ರಪಿಂಡದ ಹಾನಿ ಮೊದಲಾದವುಗಳಲ್ಲಿ ಇಟೊಲಿಝುಮ್ಯಾಬ್‌ನ ಪ್ರಯೋಗಗಳನ್ನು ನಡೆಸಿತು. ಔಷಧ ಪಡೆದವರ ಟಿ ಕೋಶಗಳ ಹೊರಮೈಯಿಂದ ಸಿಡಿ6 ಪ್ರೋಟೀನೇ ಕಡಿಮೆಯಾಗುತ್ತದೆಂಬ ಸಂಗತಿ ಆ ಅಧ್ಯಯನಗಳಿಂದ ಹೊರಬಂದಿತು. ಅದನ್ನು ಅಳೆಯುವುದು ಇಟೊಲಿಝುಮ್ಯಾಬ್‌ನಿಂದಲೇ ಸಾಧ್ಯವಿಲ್ಲ, ಏಕೆಂದರೆ ಅದು ಅಂಟುವ ಸ್ಥಳ ಆಗಲೇ ಔಷಧದಿಂದ ತುಂಬಿರಬಹುದು. ಆದ್ದರಿಂದ ಸಿಡಿ6ರ ಹೊರಚಾಚಿದ ಮೂರು ಭಾಗಗಳಲ್ಲಿ ಔಷಧವು ಹಿಡಿಯುವ ಮೊದಲನೆಯದನ್ನು ಬಿಟ್ಟು ಬೇರೊಂದು ಭಾಗಕ್ಕೆ ಅಂಟುವ, ಬಣ್ಣ ಕಟ್ಟಿದ ಇನ್ನೊಂದು ಮೊನೊಕ್ಲೋನಲ್ ಪ್ರತಿಕಾಯವನ್ನು ಬಳಸಿ, ಫ್ಲೋ ಸೈಟೋಮೀಟರಿನಲ್ಲಿ ಕೋಶಗಳನ್ನು ಎಣಿಸಬೇಕಾಗುತ್ತದೆ.